ಫಾದರಿಂಗೇ: ಒಂಬತ್ತು ಹಾಡುಗಳನ್ನು ಐದಕ್ಕೆ ಇಳಿಸಬೇಡಿ

ಬ್ರಿಟಿಷ್ ಫೋಕ್-ರಾಕ್ ಬ್ಯಾಂಡ್ ಫಾದರಿಂಗೇಯ ಆಲ್ಬಂನಿಂದ ಸ್ಯಾಂಡಿ ಡೆನ್ನಿ ಮುಖ್ಯ ಗಾಯಕಿಯಾಗಿರುವ ಐದು ಹಾಡುಗಳನ್ನಷ್ಟೇ ಪ್ಲೇಲಿಸ್ಟ್‌ನಲ್ಲಿ ಉಳಿಸಿಕೊಂಡು, ತಂಡದ ಇನ್ನೊಬ್ಬ ಗಾಯಕ ಟ್ರೆವರ್ ಲ್ಯೂಕಸ್ ಅವರ ಹಾಡುಗಳನ್ನೆಲ್ಲ ತೆಗೆದುಹಾಕಿದ್ದೀರಿ, ಆದರೂ ಈ ಬ್ಯಾಂಡ್ ಮನಸ್ಸಿಗೆ ಹತ್ತುತ್ತಿಲ್ಲ ಎಂದು ಬರೆದಿದ್ದೀರಿ. ಅದನ್ನು ಓದಿ ಸುಮ್ಮನಿರಲಾಗಲಿಲ್ಲ, ಏಕೆಂದರೆ ನಾನೂ ಹಲವು ವರ್ಷ ಬ್ಯಾಂಡ್‌ನ ಹೆಸರನ್ನೇ ಹೊತ್ತ 1970ರ ಆ ಆಲ್ಬಮನ್ನು ಹೀಗೆಯೇ ಕತ್ತರಿಸಿಕೊಂಡು, ಅದು ಡೆನ್ನಿಯವರೊಬ್ಬರದೇ ಆಲ್ಬಂ ಎಂಬಂತೆ ಕೇಳುತ್ತಿದ್ದೆ.

ಆ ಪ್ಲೇಲಿಸ್ಟ್ ಅಳಿಸಿಬಿಡಿ. ಎಲ್‌ಪಿಯ ಎರಡನೆಯ ಬದಿಯನ್ನು ಇರುವ ಕ್ರಮದಲ್ಲೇ, ನಡುವೆ ನಿಲ್ಲಿಸದೆ ಕೇಳಿ. ಲ್ಯೂಕಸ್ ಅವರ ಭಾರವಾದ ಕಂಠದಲ್ಲಿ ಬಾಬ್ ಡಿಲನ್ ರಚನೆ ಮುಗಿದ ಬೆನ್ನಿಗೆ ‘ಬ್ಯಾಂಕ್ಸ್ ಆಫ್ ದ ನೈಲ್’ ಆರಂಭವಾದಾಗ, ಡೆನ್ನಿಯವರ ದನಿ ಎಷ್ಟು ಒಂಟಿಯಾಗಿ ಕೇಳಿಸುತ್ತದೆ ಎಂಬುದು ಮೊದಲ ಬಾರಿ ಅರಿವಾಗುತ್ತದೆ. ಆ ಹಿಂದಿನ ಹಾಡನ್ನು ಕಿತ್ತುಹಾಕಿದರೆ ಈ ಅನುಭವವೂ ಹೋಯಿತು. ಇಡೀ ಆಲ್ಬಂನಲ್ಲಿ ಪರಂಪರೆಯಿಂದ ಬಂದ ಹಾಡು ಇದೊಂದೇ. ಯುದ್ಧಕ್ಕೆ ಹೊರಟ ಪ್ರಿಯಕರನೊಡನೆ ಗಂಡುವೇಷ ತೊಟ್ಟು ತಾನೂ ಬರುತ್ತೇನೆಂದು ಹೆಣ್ಣೊಬ್ಬಳು ಬೇಡುತ್ತಾಳೆ, ಅವನು ಒಪ್ಪುವುದಿಲ್ಲ. ಎಂಟು ನಿಮಿಷದ ಆ ಹಾಡನ್ನು ಮತ್ತೆ ಹಾಕಿ, ಗಾಯಕಿಯನ್ನು ಬಿಟ್ಟು ಗೆರಿ ಕಾನ್ವೇ ಅವರ ಡ್ರಮ್ಸ್ ಮೇಲಷ್ಟೇ ಗಮನವಿಡಿ: ಅದು ತಾಳ ಹಿಡಿದು ಮುಂದೆ ತಳ್ಳುವುದಿಲ್ಲ, ಸಾಲಿನ ಉಸಿರು ನೋಡಿಕೊಂಡು ಏರುತ್ತದೆ, ಇಳಿಯುತ್ತದೆ. ಮೂರನೆಯ ಬಾರಿ ಜೆರಿ ಡೊನಾಹ್ಯೂ ಅವರ ಗಿಟಾರ್ ಮತ್ತು ಪ್ಯಾಟ್ ಡೊನಾಲ್ಡ್‌ಸನ್ ಅವರ ಬೇಸ್ ಕೇಳಿ. ನನಗೆ ಇದು ಬ್ಯಾಂಡ್ ಎಂದು ತಿಳಿದದ್ದು ಆ ಮೂರನೆಯ ಬಾರಿಯಲ್ಲಿ.

ದಯವಿಟ್ಟು ಇನ್ನೊಂದು ಮಾತನ್ನೂ ಕೈಬಿಡಿ: ಉಳಿದ ನಾಲ್ವರು ‘ಹಿನ್ನೆಲೆ ವಾದ್ಯಗಾರರು’ ಎನ್ನುವುದು. ಆಲ್ಬಂನ ನಿರ್ಮಾಪಕ ಜೋ ಬಾಯ್ಡ್ ಅವರಿಗೂ ಡೆನ್ನಿ ಒಬ್ಬರೇ ಹಾಡಬೇಕೆಂಬ ಒಲವಿತ್ತು. ಫೇರ್‌ಪೋರ್ಟ್ ಕನ್ವೆನ್ಶನ್ ಎಂಬ ಬ್ಯಾಂಡ್ ಬಿಟ್ಟುಬಂದು ಡೆನ್ನಿ ಕಟ್ಟಿದ ಈ ತಂಡ ಎರಡನೆಯ ಆಲ್ಬಂನ ಧ್ವನಿಮುದ್ರಣದ ನಡುವೆಯೇ, 1971ರ ಆರಂಭದಲ್ಲಿ, ಒಡೆದುಹೋಯಿತು. ಅದೇ ವರ್ಷ ಬಂದ ಡೆನ್ನಿಯವರ ಮೊದಲ ಸೋಲೋ ಆಲ್ಬಂನಲ್ಲಿರುವ ‘ಲೇಟ್ ನವೆಂಬರ್’ ಕೂಡ ಈ ತಂಡದೊಂದಿಗೆ ಧ್ವನಿಮುದ್ರಿಸಿದ್ದೇ.

ಅರ್ಧಕ್ಕೇ ನಿಂತಿದ್ದ ಆ ಎರಡನೆಯ ಆಲ್ಬಂ, 2008ರ ‘ಫಾದರಿಂಗೇ 2’, ಕೊಳ್ಳಿರಿ, ಆದರೆ ಅದನ್ನು 1970ರಲ್ಲೇ ಮುಗಿದಿದ್ದ ಆಲ್ಬಂ ಎಂದು ಅಳೆಯಬೇಡಿ. ಅದು ಹೊರಬಂದಾಗ ಡೆನ್ನಿ ತೀರಿಕೊಂಡು ಮೂವತ್ತು ವರ್ಷ, ಲ್ಯೂಕಸ್ ಹತ್ತೊಂಬತ್ತು ವರ್ಷ ಆಗಿತ್ತು. ಹಳೆಯ ಟೇಪುಗಳನ್ನಿಟ್ಟುಕೊಂಡು ಡೊನಾಹ್ಯೂ ಹೊಸ ವಾದನವನ್ನೂ ಸೇರಿಸಿ ಅದನ್ನು ಪೂರ್ಣಗೊಳಿಸಿದರು. ಹಣವಿದ್ದರೆ 2015ರ ‘ನಥಿಂಗ್ ಮೋರ್’ ಬಾಕ್ಸ್ ಸೆಟ್ಟೇ ಮೇಲು ಎಂಬುದು ನನ್ನ ಅಭಿಪ್ರಾಯ. ಸ್ಟುಡಿಯೋ ಕೆಲಸದ ಜೊತೆಗೆ ವೇದಿಕೆಯ ಧ್ವನಿಮುದ್ರಣಗಳೂ ಒಂದೇ ಕಡೆ ಸಿಗುತ್ತವೆ.

1970ರ ಆಲ್ಬಂನ ಮೊದಲ ಪ್ರೆಸ್ಸಿಂಗೇ, ಅಂದರೆ ಐಲೆಂಡ್ ರೆಕಾರ್ಡ್ ಕಂಪನಿ ಗುಲಾಬಿ ಲೇಬಲ್‌ನೊಂದಿಗೆ ಮೊದಲು ಅಚ್ಚೊತ್ತಿದ ಪ್ರತಿಯೇ, ಬೇಕೆಂದು ಹಟ ಹಿಡಿಯುವವರು, ಹಣ ಕೊಡುವ ಮೊದಲು ಎರಡನೆಯ ಬದಿಯ ಕೊನೆಯ ಹಾಡನ್ನು ಹಾಕಿಸಿ ಕೇಳಬೇಕು. ನನ್ನ ಪ್ರತಿಯ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ಒಳಸುತ್ತಿನ ಗ್ರೂವ್ ಸವೆದು ‘ಬ್ಯಾಂಕ್ಸ್ ಆಫ್ ದ ನೈಲ್’ನ ಮೆಲುದನಿಯ ಸಾಲುಗಳೆಲ್ಲ ಚಿಟಪಟ ಸದ್ದಿನಲ್ಲಿ ಮುಳುಗಿಹೋಗಿದ್ದವು.