ಗರ್ಭಿಣಿಗೆ ಹೆಪಟೈಟಿಸ್ ಬಿ ಇದ್ದರೆ ಮಗುವಿಗೆ 24 ಗಂಟೆಯೊಳಗೇ ಲಸಿಕೆ ಹಾಕಬೇಕು ಎನ್ನುವುದೇಕೆ?

ಸೋಂಕು ದಾಟುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲೇ, ತಾಯಿಯ ರಕ್ತದ ಮೂಲಕ. ವೈರಸ್ ಯಕೃತ್ತಿನಲ್ಲಿ ಬೇರೂರುವ ಮೊದಲೇ ಮಗುವಿನ ಮೈಯಲ್ಲಿ ಪ್ರತಿಕಾಯ, ಅಂದರೆ ವೈರಸ್ಸನ್ನು ತಡೆಯುವ ಪ್ರೋಟೀನ್, ಹುಟ್ಟಬೇಕು. ನವಜಾತ ಶಿಶುವಿನ ರೋಗನಿರೋಧಕ ಶಕ್ತಿಗೆ ಈ ವೈರಸ್ ಹಗೆ ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು 90% ಮಕ್ಕಳಿಗೆ ಅದು ದೀರ್ಘಕಾಲ ಉಳಿದುಬಿಡುತ್ತದೆ. ದೊಡ್ಡವರಲ್ಲಿ ಈ ಪ್ರಮಾಣ 5%ಕ್ಕಿಂತ ಕಡಿಮೆ.

ಒಂದು ತೊಡೆಗೆ 0.5 ಮಿ.ಲೀ. ಲಸಿಕೆ, ಇನ್ನೊಂದಕ್ಕೆ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯ. ಲಸಿಕೆ ಕೆಲಸ ಶುರುಮಾಡುವ ತನಕ ಮಗುವನ್ನು ಕಾಪಾಡುವುದು ಇದೇ. ಮುಂದೆ ಮಗುವಿಗೆ 6, 10, 14ನೇ ವಾರದ ಪೆಂಟಾವೇಲೆಂಟ್ (ಹೆಪಟೈಟಿಸ್ ಬಿ ಸೇರಿ ಐದು ರೋಗಗಳ ಲಸಿಕೆ) ತಪ್ಪಿಸಬೇಡಿ. ತಾಯಿಯ ರಕ್ತದಲ್ಲಿ ವೈರಸ್ ಪ್ರಮಾಣ ಮಿ.ಲೀ.ಗೆ 2 ಲಕ್ಷ ಯೂನಿಟ್ ಮೀರಿದ್ದರೆ ಗರ್ಭದ ಸುಮಾರು 28ನೇ ವಾರದಿಂದ ಆಕೆಗೆ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆಯೂ ಬೇಕು.

ನಮ್ಮ ಕಡೆ ಎಡವಟ್ಟಾಗುವುದು ಬೇರೆಡೆ: ಬೆಳಗಾವಿಯಲ್ಲಿ ತಪಾಸಣೆ, ಹೆರಿಗೆ ಜಮಖಂಡಿಯ ತವರಿನಲ್ಲಿ, ರಿಪೋರ್ಟ್ ಗಂಡನ ಮನೆಯ ಕಪಾಟಿನಲ್ಲಿ! ತಾಯಿ ಕಾರ್ಡ್ ಜೊತೆಗೇ ಇರಲಿ. ಇಮ್ಯುನೊಗ್ಲೋಬ್ಯುಲಿನ್ ಎಲ್ಲ ಕಡೆ ಇಟ್ಟಿರುವುದಿಲ್ಲ, ಹೆರಿಗೆಗೆ ಮೊದಲೇ ವಿಚಾರಿಸಿ. ಎದೆಹಾಲು ಧಾರಾಳವಾಗಿ ಕುಡಿಸಬಹುದು. 9ರಿಂದ 12 ತಿಂಗಳಲ್ಲಿ ಮಗುವಿನ ರಕ್ತಪರೀಕ್ಷೆ ಮಾಡಿಸಿ.