ಓದುಗರ ಪ್ರಶ್ನೆ: ಯಾರ್ಕ್‌ಗೆ ಒಂದು ದಿನ ಸಾಕೇ?

ಪ್ರಶ್ನೆ: ಮೇ ತಿಂಗಳಲ್ಲಿ ಲಂಡನ್ನಿನ ಮಗಳ ಮನೆಗೆ ನಾವಿಬ್ಬರೂ (66 ಮತ್ತು 61 ವರ್ಷ) ಹೊರಟಿದ್ದೇವೆ. ಯಾರ್ಕ್ ನಗರವನ್ನು ಒಂದೇ ದಿನದಲ್ಲಿ ನೋಡಿ ಬರಬಹುದೇ? ರೈಲಿನ ಟಿಕೆಟ್ ಯಾವಾಗ ತೆಗೆಯಬೇಕು?
– ಓದುಗರು, ಡೊಂಬಿವಲಿ

ಉತ್ತರ: ಹೋಗಿ ಬರಬಹುದು, ಆದರೆ ನೋಡಿದಂತಾಗುವುದಿಲ್ಲ. ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ವೇಗದ ರೈಲಿಗೂ ಸುಮಾರು ಎರಡು ಗಂಟೆ ಬೇಕು. ಎರಡು ರಾತ್ರಿ ಉಳಿಯಿರಿ.

ಅಗ್ಗದ 'ಅಡ್ವಾನ್ಸ್' ಟಿಕೆಟ್ ಸಾಮಾನ್ಯವಾಗಿ 12 ವಾರ ಮೊದಲೇ ಮಾರಾಟಕ್ಕೆ ಬರುತ್ತದೆ. ಅದು ಟಿಕೆಟ್ಟಿನಲ್ಲಿ ಬರೆದ ರೈಲಿಗೆ ಮಾತ್ರ ಸಲ್ಲುತ್ತದೆ. ಒಂದು ಲೋಕಲ್ ತಪ್ಪಿದರೆ ಇನ್ನೊಂದು ಎಂಬ ನಮ್ಮ ಅಭ್ಯಾಸ ಅಲ್ಲಿ ದುಬಾರಿ, ಹೊಸ ಟಿಕೆಟ್ಟೇ ತೆಗೆಯಬೇಕಾಗುತ್ತದೆ. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಇದೆ, ಆದರೆ ತಲೆಗೊಂದು ಬೇಕು. ನೀವು ಜೊತೆಯಾಗಿಯೇ ಓಡಾಡುವುದಾದರೆ 'ಟು ಟುಗೆದರ್' ಕಾರ್ಡ್ ಒಂದೇ ಸಾಕು. ಇಬ್ಬರಿಗೂ ಮೂರನೇ ಒಂದು ಭಾಗ ರಿಯಾಯಿತಿ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 9.30ಕ್ಕೆ ಮುಂಚೆ ಅದು ನಡೆಯುವುದಿಲ್ಲ.

ಮೊದಲ ಬೆಳಗ್ಗೆ ಯಾರ್ಕ್ ಮಿನ್‌ಸ್ಟರ್‌ಗೆ ಹೋಗಿ. 1220ರಲ್ಲಿ ಶುರುವಾಗಿ 1472ರಲ್ಲಿ ಮುಗಿದ ಚರ್ಚು ಇದು. ಜಾನ್ ಥಾರ್ನ್‌ಟನ್ 1405ರಿಂದ 1408ರೊಳಗೆ ಮಾಡಿದ ಬಣ್ಣದ ಗಾಜಿನ ಮಹಾಕಿಟಕಿ ಪೂರ್ವಕ್ಕಿದೆ. ಬೆಳಗಿನ ಬಿಸಿಲಿನಲ್ಲೇ ಅದನ್ನು ನೋಡಬೇಕು. ಭಾನುವಾರ ಬೇಡ, ಬೆಳಗ್ಗೆ ಪ್ರಾರ್ಥನೆ ಇರುವುದರಿಂದ ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನವೇ. ನಡುಗೋಪುರಕ್ಕೆ 275 ಮೆಟ್ಟಿಲು, ಸುತ್ತಿಸುತ್ತಿ ಏರುವ ಇಕ್ಕಟ್ಟಾದ ದಾರಿ. ಮೊಣಕಾಲು ನೋವಿದ್ದರೆ ಬಿಟ್ಟುಬಿಡಿ. ಸಂಜೆಯ ಗಾನಪ್ರಾರ್ಥನೆ 'ಈವ್‌ನ್‌ಸಾಂಗ್'ಗೆ ಕೂರಲು ದುಡ್ಡಿಲ್ಲ.

ಎರಡನೆಯ ದಿನ ಕೋಟೆಗೋಡೆ. ಸುಮಾರು 3.4 ಕಿ.ಮೀ., ಪುಕ್ಕಟೆ, ಸುತ್ತಲು ಎರಡು ಗಂಟೆ. ಅನೇಕರು ಲೇಯರ್‌ಥಾರ್ಪ್ ಬಳಿ ಗೋಡೆ ಮುಗಿಯಿತೆಂದು ಇಳಿದು ಹೊರಟುಬಿಡುತ್ತಾರೆ. ಅಲ್ಲಿ ಹಿಂದೆ ದೊಡ್ಡ ಜೌಗು ಇತ್ತು, ಗೋಡೆಯ ಅಗತ್ಯವೇ ಬೀಳಲಿಲ್ಲ. ಫಾಸ್ ನದಿಯ ಪಕ್ಕದ ರಸ್ತೆ ಹಿಡಿದು ನಡೆದರೆ ಇಟ್ಟಿಗೆಯ ರೆಡ್ ಟವರ್ ಬಳಿ ಗೋಡೆ ಮತ್ತೆ ಸಿಗುತ್ತದೆ. ಪೂರ್ತಿ ಆಗದಿದ್ದರೆ ಬೂಥಮ್ ಬಾರ್‌ನಿಂದ ಮಂಕ್ ಬಾರ್‌ವರೆಗಿನ ('ಬಾರ್' ಎಂದರೆ ಇಲ್ಲಿ ಕೋಟೆಬಾಗಿಲು) ತುಂಡನ್ನಾದರೂ ನಡೆಯಿರಿ, ಮಿನ್‌ಸ್ಟರ್ ಬೆನ್ನಿಗೇ ಇರುತ್ತದೆ. ಒಳಬದಿಗೆ ಕೆಲವೆಡೆ ಕಂಬಿಯಿಲ್ಲ. ಕತ್ತಲಾಗುವ ಮುನ್ನ ಬಾಗಿಲು ಹಾಕುತ್ತಾರೆ. ಮೇನಲ್ಲಿ ಅದು ಚಿಂತೆಯಲ್ಲ, ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ.

ನಿಲ್ದಾಣದ ಹಿಂದಿನ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯವೂ ಪುಕ್ಕಟೆ. ಉಗಿಬಂಡಿಗಳಲ್ಲಿ ವೇಗದ ದಾಖಲೆ ಬರೆದ (1938, ಗಂಟೆಗೆ 126 ಮೈಲಿ) ಮ್ಯಾಲಾರ್ಡ್ ಅಲ್ಲಿಯದೇ. ಜಪಾನಿನ ಹಳೆಯ ಬುಲೆಟ್ ರೈಲಿನ ಡಬ್ಬಿಯೂ ಇದೆ. ಹಳೆಯ ಕಾಲದ ಇಕ್ಕಟ್ಟಾದ ಶ್ಯಾಂಬಲ್ಸ್ ಬೀದಿಗೆ ಬೆಳಗ್ಗೆ ಒಂಬತ್ತರೊಳಗೆ ಹೋಗಿ, ಆಮೇಲೆ ದಾದರ್ ಸ್ಟೇಷನ್ನೇ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಲ್ಲಿ ಊಟಕ್ಕೇನು? ಮನೆಯಿಂದ ಏನು ಒಯ್ಯಬಹುದು?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಮೆನುವಿನಲ್ಲಿ 'ವೀಗನ್' ಎಂದಿರುವುದನ್ನು ಆರಿಸಿ, 'ವೆಜಿಟೇರಿಯನ್' ಎಂದರೆ ಮೊಟ್ಟೆ ಇರಬಹುದು. ಯಾರ್ಕ್‌ಶೈರ್ ಪುಡ್ಡಿಂಗ್ ಮೊಟ್ಟೆಯದ್ದೇ. ನಿಜವಾಗಿ ಎಡವುವುದು ಆಲೂ ಚಿಪ್ಸ್‌ನಲ್ಲಿ (ನಮ್ಮ ಫ್ರೆಂಚ್ ಫ್ರೈಸ್): ಆ ಸೀಮೆಯ ಹಲವು ಮೀನು-ಚಿಪ್ಸ್ ಅಂಗಡಿಗಳು ದನದ ಕೊಬ್ಬಿನಲ್ಲಿ ಕರಿಯುತ್ತವೆ. 'ಎಣ್ಣೆ ಯಾವುದು?' ಎಂದು ಕೇಳಿಯೇ ಕೊಳ್ಳಿ.

ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಧಾರವಾಡ ಪೇಡೆಯೂ ತುಪ್ಪದ ಡಬ್ಬಿಯೂ ಮನೆಯಲ್ಲೇ ಇರಲಿ. ಹಸಿ ಕರಿಬೇವೂ ಬೇಡ. ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಧಾರಾಳವಾಗಿ ಕಟ್ಟಿಕೊಳ್ಳಿ. ನಮ್ಮ ಪ್ಲಗ್ ಅಲ್ಲಿ ಕೂರುವುದಿಲ್ಲ. ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್ ಬೇಕು.

ಪ್ರಶ್ನೆ: ನನ್ನದು ಭಾರತದ ಪಾಸ್‌ಪೋರ್ಟ್, ಗೋವಾದವರಾದ ನನ್ನ ಯಜಮಾನರದು ಪೋರ್ಚುಗಲ್ಲಿನದು. ಇಬ್ಬರಿಗೂ ಬ್ರಿಟನ್ ವೀಸಾ ಬೇಕೇ?
– ಓದುಗರು, ಮಡಗಾಂವ್

ಉತ್ತರ: ನಿಮಗೆ ಬೇಕು, ಅವರಿಗೆ ಬೇಡ. ಆದರೆ 2025ರ ಏಪ್ರಿಲ್ 2ರಿಂದ ಯುರೋಪಿನ ಪಾಸ್‌ಪೋರ್ಟ್‌ನವರೂ 'ಇಟಿಎ' ಎಂಬ ಆನ್‌ಲೈನ್ ಅನುಮತಿ ಪಡೆದೇ ಹೊರಡಬೇಕು. ನೀವು ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ. ಅರ್ಜಿಗೆ ಸ್ವಲ್ಪ ಮುಂಚೆ ಖಾತೆಗೆ ದೊಡ್ಡ ಮೊತ್ತ ಬಂದಿದ್ದರೆ ಅದರ ಮೂಲದ ಕಾಗದ ಲಗತ್ತಿಸಿ. ವೀಸಾ ಕೈಗೆ ಬರುವವರೆಗೆ ಹಣ ಮರಳದ ವಿಮಾನ ಟಿಕೆಟ್ ಕೊಳ್ಳಬೇಡಿ.