ಮೆಸೇಜ್ ನೋಡಿದ್ದಾನೆ, ರಿಪ್ಲೈ ಮಾಡಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರ್ದು ಅಂತ ಹೆಸರು, ಊರು, ಕೆಲ್ಸ ಎಲ್ಲಾ ಬದಲಾಯಿಸಿದೀನಿ, ಆಕೆ ಒಪ್ಪಿಗೆ ತಗೊಂಡೇ ಬರೀತಿರೋದು. ಮೇಘಾ ಅಂದ್ಕೊಳ್ಳಿ. 27 ವರ್ಷ, ಬೆಂಗಳೂರಲ್ಲಿ ಗಂಡ ಹೆಂಡ್ತಿ ಇಬ್ರೂ ದುಡೀತಾರೆ, ಅಮ್ಮ ಹಾಸನದ ಕಡೆ ಇರೋದು. ನನ್ನ ಹತ್ರ ಬರೋ ಮೊದ್ಲೇ ಸೈಕಿಯಾಟ್ರಿಸ್ಟ್ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದ್ರೆ ಬಿಪಿಡಿ ಅಂತ ಹೇಳಿದ್ರು, ಭಾವನೆ, ಸಂಬಂಧ ಎಲ್ಲಾ ತುಂಬಾ ಏರುಪೇರಾಗೋ, ಬಿಟ್ಟು ಹೋಗ್ತಾರೆ ಅನ್ನೋ ಭಯ ಕಾಡೋ ಮಾನಸಿಕ ಸಮಸ್ಯೆ ಅದು. ಮನೇಲಿ ಮಾತ್ರ ಹಠಮಾರಿ, ಡ್ರಾಮಾ ಮಾಡ್ತಾಳೆ ಅಂತಾನೇ ನಂಬಿದ್ರು, ಅಮ್ಮ ಯಂತ್ರಾನೂ ಕಟ್ಟಿಸಿದ್ರು.

ಒಂದ್ ಶನಿವಾರ ರಾತ್ರಿ ಗಂಡ ಆಫೀಸ್ ಕಾಲ್‌ನಲ್ಲಿದ್ದ, ಇವಳ ಮೆಸೇಜಿಗೆ ಬ್ಲೂ ಟಿಕ್ ಬಂತು, ಉತ್ರ ಬರ್ಲಿಲ್ಲ. ಅಷ್ಟೇ. ಒಂದರ ಹಿಂದೆ ಒಂದು ಮೆಸೇಜ್, ಬೈಗುಳ, ಡಿವೋರ್ಸ್ ಮಾತು, ಆಮೇಲೆ ಕೈ ಕುಯ್ಕೊಂಡಿದ್ದು, ಅವ್ನು ಓಡಿ ಬಂದ್ಮೇಲೆ "ಬಿಟ್ಟು ಹೋಗ್ಬೇಡ" ಅಂತ ಕಾಲು ಹಿಡ್ಕೊಂಡಿದ್ದು. ಬೆಳಗ್ಗೆ ಅವ್ನು ದೇವ್ರಂಥವ್ನು, ರಾತ್ರಿ ಮೋಸಗಾರ.

ಮೇಘಾ ತುಂಬಾ ಚೆನ್ನಾಗಿ ಮಾತಾಡ್ತಾಳೆ. "ಮೊದ್ಲು ಭಯ ಆಗುತ್ತೆ ಮೇಡಂ, ಆಮೇಲೆ ಸಿಟ್ಟು, ಆಮೇಲೆ ನನ್ಮೇಲೇ ಅಸಹ್ಯ" ಅಂತ ಬಿಡಿಸಿ ಹೇಳ್ತಾಳೆ. ಇಂಥೋರನ್ನ ನೋಡಿ ಇವ್ರಿಗೆ ತಮ್ಮ ಮನಸ್ಸು ಚೆನ್ನಾಗಿ ಗೊತ್ತು ಅಂತ ಅಂದ್ಕೊಳ್ಳೋದು ಸುಲಭ, ಅಲ್ಲೇ ಎಡವೋದು. ತನ್ನ ಮನಸ್ಸನ್ನ ತಾನೇ ಗಮನಿಸೋ ಶಕ್ತಿನ ಮೆಟಾಕಾಗ್ನಿಷನ್ ಅಂತಾರಲ್ಲ, ರೋಮ್‌ನ ಮನೋಚಿಕಿತ್ಸಕರಾದ ಆಂಟೋನಿಯೊ ಸೆಮೆರಾರಿ, ಜಾನ್‌ಕಾರ್ಲೊ ಡಿಮಾಜಿಯೊ ಮತ್ತವರ ಜೊತೆಗಾರರು ಅದು ಒಂದೇ ಶಕ್ತಿ ಅಲ್ಲ, ಬೇರೆ ಬೇರೆ ಸಾಮರ್ಥ್ಯಗಳು ಸೇರಿರೋದು ಅಂತ ತೋರಿಸಿದ್ರು. ಬಿಪಿಡಿ ಇರೋರಲ್ಲಿ ಭಾವನೆಗೆ ಹೆಸರು ಹೇಳೋದು ಎಷ್ಟೋ ಸಲ ಸರಿಯಾಗೇ ಇರುತ್ತೆ, ಆದ್ರೆ ತನಗೆ ಅನ್ನಿಸಿದ್ದು ಬೇರೆ, ನಿಜವಾಗ್ಲೂ ನಡೆದಿದ್ದು ಬೇರೆ ಅಂತ ವಿಂಗಡಿಸೋದು, ಒಬ್ಬನೇ ಮನುಷ್ಯನ ಒಳ್ಳೇದು ಕೆಟ್ಟದ್ದನ್ನ ಒಟ್ಟಿಗೆ ಇಟ್ಟು ನೋಡೋದು, ಇವೆರಡೂ ಕಷ್ಟ. ನನ್ನ ಅನುಭವದಲ್ಲೂ ಇವು ಬೆಳೀದೇ ಎಷ್ಟು ಅತ್ತು ಹಗುರಾದ್ರೂ ಮುಂದಿನ ಶನಿವಾರ ಮತ್ತೆ ಅದೇ.

"ಅವ್ನಿಗೆ ನಾನು ಬೇಡ ಮೇಡಂ."
"ಅವ್ರು ಹಾಗಂದ್ರಾ?"
"ಅನ್ನೋದೇನ್ ಬಂತು, ನಂಗೊತ್ತಾಗುತ್ತೆ."

ನಾನು ವಾದಕ್ಕೆ ಹೋಗ್ಲಿಲ್ಲ, ಹೋಗ್ಬಾರ್ದು. ಬಿಸಿ ಏರಿದಾಗ ಪ್ರಶ್ನೆ ಕೇಳಿದ್ರೆ ಅವ್ಳಿಗೆ ಅದೂ ದೂರ ತಳ್ಳಿದ ಹಾಗೇನೇ. ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನಹಾನ್ ಬಿಪಿಡಿಗೆ ಅಂತ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನೋ ಚಿಕಿತ್ಸೆಯಲ್ಲಿ ಇರೋ ಹಾಗೆ ಮೊದ್ಲು ಮುಖಕ್ಕೆ ತಣ್ಣೀರು, ಉಸಿರು ನಿಧಾನ ಬಿಡೋದು ಕಲಿಸ್ದೆ. ತಣ್ಣಗಾದ್ಮೇಲೆ ಆ ರಾತ್ರಿನ ಹಿಂದಕ್ಕೆ ಹೋಗಿ ತುಣುಕು ತುಣುಕಾಗಿ ನೋಡಿದ್ವಿ, ಟಿಕ್ ಬಂದಿದ್ದು ಎಷ್ಟೊತ್ತಿಗೆ, ಆಗ ಮೈಯಲ್ಲಿ ಏನಾಯ್ತು, ಬೇಡ ಅನ್ನೋ ಯೋಚ್ನೆ ಯಾವಾಗ ಬಂತು. ಅದು ತನ್ನ ಊಹೆ ಅಂತ ಒಪ್ಪೋಕೇ ತಿಂಗಳುಗಟ್ಟಲೆ ಹಿಡೀತು.

ಇನ್ನೊಂದು ಸಲಹೆ ಕೊಟ್ಟೆ, ಅವ್ನ ಮೇಲೆ ಪ್ರೀತಿ ಇರೋ ದಿನ ಅವ್ನ ಬಗ್ಗೆ ನಿಮ್ಮದೇ ದನಿಯಲ್ಲಿ ವಾಯ್ಸ್ ನೋಟ್ ಮಾಡಿಟ್ಕೊಳ್ಳಿ, ಮೋಸಗಾರ ಅನ್ನಿಸಿದ ದಿನ ಕೇಳಿ. ಜ್ವರ ಬಂದಾಗ ರಾತ್ರಿಯೆಲ್ಲಾ ಕೂತವ್ನೂ ಶನಿವಾರ ರಿಪ್ಲೈ ಮಾಡದವ್ನೂ ಒಬ್ನೇ ಅಂತ ಬೇರೆಯವ್ರು ಹೇಳಿದ್ರೆ ಅವ್ಳು ನಂಬ್ತಿರ್ಲಿಲ್ಲ, ತನ್ನ ದನಿ ಕೇಳಿದ್ರೆ ಸ್ವಲ್ಪ ನಿಲ್ತಿದ್ಲು.

ಗಂಡನಿಗೆ ಹೇಳಿದ್ದು: ಕಾಲ್ ಎಷ್ಟೊತ್ತಿಗೆ ಮುಗಿಯುತ್ತೆ ಅಂತ ಮೊದ್ಲೇ ಹೇಳಿ, ಹೇಳಿದ ಟೈಮಿಗೆ ಬನ್ನಿ, ಜಗಳದ ಮಧ್ಯ ಯಾರು ಸರಿ ಅಂತ ಸಾಬೀತು ಮಾಡ್ಬೇಡಿ. ಅಮ್ಮನಿಗೆ, ಕೈ ಕುಯ್ಕೊಂಡಾಗ ಮಾತ್ರ ಬಸ್ ಹತ್ತಿ ಬರ್ಬೇಡಿ, ಸುಮ್ನೆ ಇರೋ ದಿನಾನೂ ಫೋನ್ ಮಾಡಿ. ಬ್ಲೇಡ್ ಮನೆಯಿಂದ ತೆಗೆಸಿದ್ವಿ, ಸಾಯ್ಬೇಕು ಅನ್ನಿಸಿದ್ರೆ ಯಾವ ಹೊತ್ತಾದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್, ಮಾತ್ರೆ ವಿಷ್ಯ ಡಾಕ್ಟರ್ ಹತ್ರಾನೇ.

"ಇದು ಜೀವನಪೂರ್ತಿನಾ?" ಅಂತ ಗಂಡ ಕೇಳಿದ್ರು. ಅಮೆರಿಕದಲ್ಲಿ ಸಂಶೋಧಕಿ ಮೇರಿ ಝನಾರಿನಿ ತಂಡ ಬಿಪಿಡಿ ಇದ್ದ 290 ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದೆ, 10 ವರ್ಷದಲ್ಲಿ 93% ಜನಕ್ಕೆ ಕನಿಷ್ಠ ಎರಡು ವರ್ಷ ಲಕ್ಷಣಗಳು ಇಳಿದಿದ್ವು, ಆದ್ರೆ ಅದ್ರ ಜೊತೆ ಕೆಲ್ಸ, ಸಂಬಂಧ ಎರಡೂ ನಿಂತಿದ್ದು ಅರ್ಧದಷ್ಟು ಜನಕ್ಕೆ ಮಾತ್ರ. ಎರಡನ್ನೂ ಹೇಳ್ದೆ, ಸುಳ್ಳು ಭರವಸೆ ಕೊಡೋಕೆ ಮನಸ್ಸಿಲ್ಲ.

ಒಂದ್ಸಲ ನಾನು ಸೆಷನ್ ಟೈಮ್ ಬದಲಾಯಿಸ್ಬೇಕಾಯ್ತು. ಬಂದವ್ಳೇ ಮುಖ ಬಿಗಿ ಮಾಡ್ಕೊಂಡು ಕೂತ್ಲು, ಸ್ವಲ್ಪ ಹೊತ್ತಾದ್ಮೇಲೆ, "ನಿಮ್ಗೂ ನಾನು ಸಾಕಾಗಿದೀನಿ ಅಂತ ಅನ್ನಿಸ್ತಿದೆ ಮೇಡಂ, ಹೌದೋ ಅಲ್ವೋ ಗೊತ್ತಿಲ್ಲ, ಕೇಳ್ಲಾ?" ಅಂದ್ಲು. ನಂಗೆ ಆ ಕ್ಷಣ ಎಷ್ಟು ಸಂತೋಷ ಆಯ್ತು ಅಂದ್ರೆ, ಅಷ್ಟು ದಿನ ಮಾಡಿದ್ದೆಲ್ಲಾ ಆ ಒಂದು ಪ್ರಶ್ನೇಲಿತ್ತು. ಇಲ್ಲ, ಸಾಕಾಗಿಲ್ಲ, ಬೇರೆ ಕೆಲ್ಸ ಇತ್ತು ಅಂತ ನೇರವಾಗಿ ಹೇಳ್ದೆ.

ಈಗ ಕೈ ಕುಯ್ಕೊಳ್ಳೋದು ಕೆಲವು ತಿಂಗಳಿಂದ ನಿಂತಿದೆ, ಜಗಳ ಇದೆ, ಡಿವೋರ್ಸ್ ಮಾತು ಇಲ್ಲ. ಒಳಗೆಲ್ಲಾ ಖಾಲಿ ಖಾಲಿ ಅನ್ನೋದು ಮಾತ್ರ ಹೋಗಿಲ್ಲ, ಈಗಿನ ಸೆಷನ್‌ಗಳು ಅದ್ರ ಮೇಲೇ ನಡೀತಿವೆ.